ಹೊಸಬರಿಗೆ ಕೊಡುವ ಅಂಟುವಾಳ

ನನ್ನ ಪಿಎಚ್.ಡಿ.ಯ ಆರನೆಯ ವರ್ಷದಲ್ಲಿ, ಬೆಳಗಾವಿಯ ವಡಗಾವಿಯಲ್ಲಿ, ನಮ್ಮ ಓಣಿಯ ಹಿರಿಯರೊಬ್ಬರು ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಮಗ್ಗದ ಸಪ್ಪಳದಲ್ಲೂ ಎಲ್ಲರಿಗೆ ಕೇಳುವಷ್ಟು ಜೋರಾಗಿ, "ಹಿಂಡಲಗಾ ಜೇಲಿನ್ಯಾಗ ಜೀವಾವಧಿ ಆದಾವನೂ ಒಂದಿನ ಹೊರಗ ಬರತಾನ. ಈಕಿ ಮಾತ್ರ ಆ ಲ್ಯಾಬಿನಿಂದ ಹೊರಗ ಬರೂ ಹಂಗ ಕಾಣಸೂದಿಲ್ಲ" ಎಂದರು. ನನಗೆ ಕೆಂಡದಂಥ ಸಿಟ್ಟು ಬಂತು. ನನಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಾಗುವುದಿಲ್ಲ, ಅದು ನಮ್ಮ ಮನೆತನದ ಆಸ್ತಿ. ಆದರೆ ಆವತ್ತು ಸಿಟ್ಟು ಬಂದದ್ದು ಅವರ ಮಾತು ಖರೇ ಇತ್ತು ಅನ್ನುವುದಕ್ಕೆ.

ನಾನು ಮಾಡುತ್ತಿದ್ದ ಕೆಲಸವನ್ನು ಮನೆಯಲ್ಲಿ ಯಾರಿಗೂ ತಿಳಿಯುವಂತೆ ಹೇಳಲು ನನಗೆ ಆಗಿರಲಿಲ್ಲ. ಇಲ್ಲಿ ಪ್ರಯತ್ನಿಸುತ್ತೇನೆ. ಮಳೆಗಾಲದಲ್ಲಿ ಎಮ್ಮೆಗಳ ಗಂಟಲಿಗೆ ಬಾವು ಬರಿಸಿ ಒಂದೇ ದಿನದಲ್ಲಿ ಕೊಲ್ಲುವ ಒಂದು ಬ್ಯಾಕ್ಟೀರಿಯಾ ಇದೆ. ಅದನ್ನು ಫಾರ್ಮಾಲಿನ್ ಹಾಕಿ ಸಾಯಿಸಿ, ಸತ್ತದ್ದನ್ನು ಚುಚ್ಚಿದರೆ ಲಸಿಕೆಯಾಗುತ್ತದೆ. ಆದರೆ ಸತ್ತ ಬ್ಯಾಕ್ಟೀರಿಯಾವನ್ನು ಕಂಡರೆ ದೇಹ ಕ್ಯಾರೇ ಅನ್ನುವುದಿಲ್ಲ. ಬಾಜು ನಿಂತು "ಏಳು, ಕಳ್ಳ ಬಂದಾನ, ಮೋತಿ ನೋಡಿ ಇಟ್ಕೋ" ಎಂದು ಚೀರುವ ಇನ್ನೊಂದು ಪದಾರ್ಥ ಜೊತೆಗೆ ಬೇಕು. ಅಂಟುವಾಳಕಾಯಿಗೆ ನೊರೆ ಬರಿಸುವ ಸಪೋನಿನ್ ಎಂಬ ವಸ್ತುವಿಗೆ ಹಾಗೆ ಚೀರುವ ಗುಣವಿದೆಯೇ ಎಂದು ನೋಡುವುದು ನನ್ನ ಸಂಶೋಧನೆ. ಅವ್ವ ಇದನ್ನೆಲ್ಲ ಪೂರಾ ಕೇಳಿ, ತಲೆಯಾಡಿಸಿ, ಮರುದಿನ ಬೀಗರ ಮುಂದೆ "ನಮ್ಮ ಹುಡುಗಿ ಯುನಿವರ್ಸಿಟ್ಯಾಗ ಸಬಕಾರ ಮಾಡತಾಳ" ಎಂದಳು.

ನನ್ನ ಗೈಡ್ ಆಗಿದ್ದ ಸರ್ ಅವರ ಮನೆ ಮಹಾಂತೇಶ ನಗರದಲ್ಲಿತ್ತು. ನಾಲ್ಕಾರು ತಲೆಮಾರಿನಿಂದ ಬೆಳಗಾವಿಯಲ್ಲೇ ಇರುವ ಜೈನ ಮನೆತನ. ಯಾವಾಗಲೂ ಬಿಳಿ ಅಂಗಿ. ಬ್ಯಾಕ್ಟೀರಿಯಾ ಬೆಳೆದ ಗಾಜಿನ ಪಾತ್ರೆಗೆ ಫಾರ್ಮಾಲಿನ್ ಹಾಕುವ ಮೊದಲು ಕಣ್ಣು ಮುಚ್ಚಿ, ಕೈ ಮುಗಿದು, ಅದರ ಕ್ಷಮೆ ಕೇಳುತ್ತಿದ್ದರು. ಒಮ್ಮೆ ನಾನು ತಡೆಯಲಾರದೆ, "ಸರ್, ಅಲ್ಲಿ ಕೋಟಿಗಟ್ಟಲೆ ಅದಾವು. ಒಂದ ಸಲ ಕೇಳಿದ್ರ ಎಲ್ಲಾವಕ್ಕೂ ಮುಟ್ಟತೈತೇನ್ರಿ?" ಎಂದೆ. "ಮುಟ್ಟೂದು ಬಿಡೂದು ಅವುಕ್ಕ ಬಿಟ್ಟದ್ದು. ನಾ ಕೇಳೀನೋ ಇಲ್ಲೋ ಅಷ್ಟ ನನ್ನ ಕೆಲಸ" ಎಂದರು. ಸುಳ್ಳನ್ನಂತೂ ಅವರು ಹೇಳುತ್ತಲೇ ಇರಲಿಲ್ಲ. ಯಾರನ್ನಾದರೂ ಭೇಟಿಯಾಗುವ ಮನಸ್ಸಿಲ್ಲದಿದ್ದರೆ, "ಸರ್ ಒಳಗಿಲ್ಲ ಅಂತ ಹೇಳು" ಎಂದು ಜವಾನನಿಗೆ ಹೇಳಿ, ಆ ಮಾತು ಖರೇ ಆಗಲೆಂದು ತಾವೇ ಎದ್ದು ಹೋಗಿ ಬಿಸಿಲಿನಲ್ಲಿ ನಿಲ್ಲುತ್ತಿದ್ದರು. ಬಂದವರು ಹೋಗುವಾಗ ಅಲ್ಲೇ ಸಿಕ್ಕು ಅರ್ಧ ತಾಸು ಮಾತಾಡಿಸಿ ಹೋಗುತ್ತಿದ್ದರು.

ಅಂಟುವಾಳಕ್ಕಾಗಿ ನಾನು ಮೊದಲ ಸಲ ಖಾನಾಪುರಕ್ಕೆ ಹೋದದ್ದು ನನ್ನ ನಾಲ್ಕನೆಯ ವರ್ಷದಲ್ಲಿ. ಬಸ್ಸಿಳಿದು, ಕೇಳುತ್ತ ಕೇಳುತ್ತ ಊರ ಹೊರಗೆ ಕಾಡಿನ ಕಡೆಯ ದಾರಿ ಹಿಡಿದೆ. ಒಂದು ಹೆಂಚಿನ ಮನೆ, ಹಿತ್ತಲಲ್ಲಿ ದೊಡ್ಡ ಅಂಟುವಾಳದ ಮರ, ಅಂಗಳದಲ್ಲಿ ಒಂದು ಎಮ್ಮೆ, ಬಾಗಿಲಲ್ಲಿ ಒಬ್ಬ ಮುದುಕಿ. ಅಕ್ಕಪಕ್ಕದವರೆಲ್ಲ ಅವಳನ್ನು ಆಯಿ ಅನ್ನುತ್ತಿದ್ದರು, ನಾನೂ ಹಾಗೇ ಅಂದೆ. ಮನೆಯವರ ಜೊತೆ ಮರಾಠಿ, ನನ್ನ ಜೊತೆ ಕನ್ನಡ, ಎಮ್ಮೆಯ ಜೊತೆ ಎರಡೂ. ನನ್ನನ್ನು ಮೇಲಿಂದ ಕೆಳಗಿನತನಕ ನೋಡಿ "ರಿಠಾ ಬೇಕೇನ?" ಎಂದಳು. ಅಂಟುವಾಳಕ್ಕೆ ಅಲ್ಲಿ ಹಾಗನ್ನುತ್ತಾರೆ. ಒಳಗೆ ಹೋಗಿ ಒಂದು ಚೀಲ ತಂದು ಹೊಸ್ತಿಲ ಹೊರಗೆ ಇಟ್ಟಳು. ಕುಂದರು ಅನ್ನಲಿಲ್ಲ, ನೀರು ಬೇಕೇ ಅನ್ನಲಿಲ್ಲ. ಬಿರುಸು ಮುದುಕಿ ಅಂದುಕೊಂಡು ಚೀಲ ಹೊತ್ತು ಬಂದೆ.

ಆ ಕಾಯಿ ಒಡೆದು, ಬೀಜ ತೆಗೆದು, ಸಿಪ್ಪೆಯನ್ನು ಸ್ಪಿರಿಟ್ಟಿನಲ್ಲಿ ನೆನೆಹಾಕಿ, ಸೋಸಿ, ಬತ್ತಿಸಿದೆ. ಬರೆದರೆ ಇಷ್ಟೇ. ಬತ್ತಿಸುವಾಗ ನೊರೆ ಉಕ್ಕಿ ಗಾಳಿ ಎಳೆಯುವ ಪಂಪಿನೊಳಗೆ ಹೋಯಿತು, ಪಂಪಿನಿಂದ ಟೇಬಲ್ಲಿಗೆ, ಟೇಬಲ್ಲಿನಿಂದ ನೆಲಕ್ಕೆ, ಬಾಗಿಲ ಸಂದಿಯಿಂದ ಮೊಗಸಾಲೆಗೆ. ಲ್ಯಾಬ್ ಒರೆಸುವ ಅಕ್ಕ ಬಂದು ನೋಡಿ, "ಇವತ್ತ ನಾ ಒರಸಬೇಕಿಲ್ಲ ಬಿಡ್ರಿ" ಎಂದು ಹೊರಟುಹೋದಳು. ಅಷ್ಟೆಲ್ಲ ಆದ ಮೇಲೆ ಉಳಿದದ್ದು ಒಂದು ಸಣ್ಣ ಬಾಟಲಿಯ ತಳ ಮುಚ್ಚುವಷ್ಟು ಪುಡಿ. ಅದನ್ನು ಸತ್ತ ಬ್ಯಾಕ್ಟೀರಿಯಾ ಜೊತೆ ಕೂಡಿಸಿ ಲ್ಯಾಬಿನ ಇಲಿಗಳಿಗೆ ಚುಚ್ಚಿದೆವು. ಕೆಲವು ವಾರಗಳ ನಂತರ ಅವುಗಳ ರಕ್ತ ಪರೀಕ್ಷಿಸಿದರೆ, ರೋಗವನ್ನು ಎದುರಿಸುವ ಶಕ್ತಿ ಎಷ್ಟು ಏರಿತ್ತೆಂದರೆ ನಾನು ಯಂತ್ರ ಕೆಟ್ಟಿದೆ ಅಂದುಕೊಂಡು ಅದರ ಮೇಲೆ ಎರಡು ಏಟು ಹಾಕಿದೆ. ಸರ್ ತಾವೇ ಮತ್ತೊಮ್ಮೆ ಪರೀಕ್ಷಿಸಿದರು. ಅದೇ ಫಲ. ಅವರು ಹೊರಗೆ ಹೋಗಿ ಮೊಗಸಾಲೆಯಲ್ಲಿ ಎರಡು ಸುತ್ತು ತಿರುಗಿ ಬಂದು, "ಭಾಳ ಛಲೋ ಆತು. ಇನ್ನೊಮ್ಮಿ ಮಾಡಿ ತೋರಸು" ಎಂದರು.

ಆ ಇನ್ನೊಮ್ಮೆ ನನ್ನ ಎರಡು ವರ್ಷ ತಿಂದಿತು.

ಎರಡನೆಯ ಸಲ ಖಾನಾಪುರಕ್ಕೆ ಹೋದಾಗ, ಇದು ಎಮ್ಮೆಗಳ ಔಷಧಕ್ಕಾಗಿ ಎಂದು ಆಯಿಗೆ ಹೇಳಿದೆ. ಅವಳ ಮುಖವೇ ಬದಲಾಯಿತು. ಹಿಂದೊಮ್ಮೆ ಮಳೆಗಾಲದಲ್ಲಿ ಅವಳ ಎಮ್ಮೆಯೊಂದು ಬೆಳಗ್ಗೆ ಹಾಲು ಕೊಟ್ಟು, ಗಂಟಲು ಬಾತು, ಸಂಜೆಗೆ ಸತ್ತಿತ್ತಂತೆ. "ಹಿಂಗ ಕೈಯಾಗ ಹ್ವಾತು ನೋಡ" ಎಂದು ಅಂಗೈ ತೋರಿಸಿದಳು. ಆವತ್ತು ಚಹಾ ಕೊಟ್ಟಳು. ಮೂರನೆಯ ಸಲ ಚಹಾದ ಜೊತೆ ಅವಲಕ್ಕಿ. ನಾಲ್ಕನೆಯ ಸಲಕ್ಕೆ ನಾನು ಮನೆಯ ಮಗಳಾಗಿದ್ದೆ, ಅಡುಗೆಮನೆಯಲ್ಲಿ ಒಲೆಯ ಮುಂದೆ ಕೂತು ಅವಳ ಸೊಸೆಯ ಬಗ್ಗೆ ದೂರು ಕೇಳುವ ಹಕ್ಕು ಸಿಕ್ಕಿತ್ತು. ಪ್ರತಿ ಸಲ ಚೀಲ ತುಂಬ ಕಾಯಿ. ಪ್ರತಿ ಸಲ ಅದೇ ನೊರೆ, ಅದೇ ಪುಡಿ. ಆದರೆ ಇಲಿಗಳು ಮಾತ್ರ ಏನೂ ಆಗಿಲ್ಲವೆಂಬಂತೆ ಮೀಸೆ ತಿಕ್ಕುತ್ತ ಕೂತಿರುತ್ತಿದ್ದವು. ಅವುಗಳ ರಕ್ತದಲ್ಲಿ ಶಕ್ತಿಯೂ ಇಲ್ಲ, ಸುಡುಗಾಡೂ ಇಲ್ಲ.

ಮೊದಲ ಪುಡಿಯ ಜೊತೆ ಹೋಲಿಸೋಣವೆಂದರೆ ಅದರಲ್ಲಿ ಚೂರೂ ಉಳಿದಿರಲಿಲ್ಲ. ಗೆದ್ದ ಖುಷಿಯಲ್ಲಿ ಎಲ್ಲವನ್ನೂ ಇಲಿಗಳಿಗೇ ಸುರಿದಿದ್ದೆ. ಇದಕ್ಕಾಗಿ ನನ್ನನ್ನು ನಾನು ಬೈದುಕೊಂಡಷ್ಟು ಬೇರೆ ಯಾರೂ ಬೈದಿಲ್ಲ. ಸರ್ ಬೈಯುವವರಲ್ಲ. ಅವರು ಕಾಗದ ತೆಗೆದು, "ಆವತ್ತ ಏನೇನ ಮಾಡಿದಿ, ಒಂದೂ ಬಿಡದ ಬರಿ" ಎಂದರು. ಬರೆದೆ. ಮುಂಜಾನೆಯ ಬಸ್ಸು, ಡ್ರೈವರನ ಹಿಂದಿನ ಸೀಟು, ಬಸ್ ಸ್ಟ್ಯಾಂಡಿನಲ್ಲಿ ಎರಡು ಮಿರ್ಚಿ ಭಜಿ, ಹಸಿರು ಓಢಣಿ, ಎಡ ಹೆಗಲ ಮೇಲೆ ಚೀಲ. ಸರ್ ಆ ಪಟ್ಟಿಯನ್ನು ಪಂಚಾಂಗ ನೋಡುವವರ ಹಾಗೆ ನೋಡಿ, "ಎಲ್ಲಾ ಹಂಗ ಮಾಡು" ಎಂದರು. ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಮಿರ್ಚಿ ಭಜಿಗೂ ಇಲಿಯ ರಕ್ತಕ್ಕೂ ಸಂಬಂಧವಿಲ್ಲವೆಂದು ನನಗೆ ಗೊತ್ತು. ಆದರೂ ಹೊಟ್ಟೆ ಕೆಟ್ಟಿದ್ದ ದಿನ ಸಹ ತಿಂದೆ. ಒಮ್ಮೆ ಡ್ರೈವರನ ಹಿಂದಿನ ಸೀಟಿನಲ್ಲಿ ಕೂತಿದ್ದ ಒಬ್ಬ ಅಜ್ಜನನ್ನು "ಸಂಶೋಧನಾ ಸಲುವಾಗಿ ಏಳ್ರಿ" ಎಂದು ಎಬ್ಬಿಸಿದೆ. ಅವರು ಎದ್ದು, ದಾರಿಯುದ್ದಕ್ಕೂ ನನ್ನನ್ನು ಕನಿಕರದಿಂದ ನೋಡಿದರು. ಆಯಿಗಂತೂ ಆ ಹಸಿರು ಓಢಣಿ ನೋಡಿ ನೋಡಿ ಕರುಳು ಚುರ್ ಅಂದಿತಂತೆ. "ಬ್ಯಾರೆ ಅರಿವಿ ಇಲ್ಲೇನ ಪೋರಿ ನಿನಗ?" ಎಂದು ಪೆಟ್ಟಿಗೆಯಿಂದ ಒಂದು ಖಣದ ಬಟ್ಟೆ ತೆಗೆದು ಕೊಟ್ಟಳು. ಕಾಯಿಯನ್ನೂ ಎಂದಿಗಿಂತ ಹೆಚ್ಚು ಆರಿಸಿ ಕೊಟ್ಟಳು. ಆ ಸಲದ ಫಲ ಎಲ್ಲಕ್ಕಿಂತ ಕೆಟ್ಟದಾಗಿತ್ತು.

ಇಷ್ಟರಲ್ಲಿ ಆರನೆಯ ವರ್ಷ ಅರ್ಧ ಕಳೆದಿತ್ತು. ವರ್ಷದ ಕೊನೆಗೆ ಸರ್ ನಿವೃತ್ತರಾಗುವವರಿದ್ದರು. ಅಷ್ಟರೊಳಗೆ ಮೊದಲ ಫಲವನ್ನು ಇನ್ನೊಮ್ಮೆ ತೋರಿಸಿದರೆ ನನ್ನ ಪ್ರಬಂಧ ಮುಗಿಯುತ್ತದೆ. ತೋರಿಸದಿದ್ದರೆ ನನ್ನನ್ನು ಬೇರೆ ಗೈಡಿಗೆ ಒಪ್ಪಿಸುತ್ತಾರೆ. ಆ ಹೊಸ ಗೈಡ್ ಆಗಲೇ ನನ್ನನ್ನು ಕ್ಯಾಂಟೀನಿನಲ್ಲಿ ಹಿಡಿದು, "ವಿಷಯಾ ಬದಲ ಮಾಡೂಣು, ಮದಲಿಂದ ಶುರು ಮಾಡೂಣು" ಎಂದು ಬಹಳ ಉತ್ಸಾಹದಿಂದ ಹೇಳಿದ್ದರು. ಇಲಿಗಳ ಮೇಲೆ ಪ್ರಯೋಗ ಮಾಡಲು ಸಮಿತಿಯ ಅನುಮತಿ ಬೇಕು, ಅದರಲ್ಲಿ ಉಳಿದದ್ದು ಇನ್ನೊಂದೇ ಸಲ. ಒಂದೇ ಒಂದು. ನಾನು ಲ್ಯಾಬಿನ ಸ್ಟೂಲಿನ ಮೇಲೆ ಕೂತು ಯಾರೂ ಇಲ್ಲದಾಗ ಅತ್ತದ್ದೂ ಉಂಟು.

ಆಗ ಬಂದಳು ಅವ್ವ. ಅವಳು ಬಂದದ್ದು ನನ್ನ ಸಂಶೋಧನೆ ನೋಡಲು ಅಲ್ಲ. ಲ್ಯಾಬಿನಲ್ಲಿ ಅಂಟುವಾಳದ ಚೀಲಗಳು ಬಿದ್ದಿವೆಯೆಂದು ಗೊತ್ತಾಗಿ, ರೇಷ್ಮೆ ಸೀರೆ ತೊಳೆಯಲು ಒಂದು ಚೀಲ ಒಯ್ಯಲು. ಮಗ್ಗದ ಮನೆಯಲ್ಲಿ ಹುಟ್ಟಿ ಮಗ್ಗದ ಮನೆಗೆ ಬಂದವಳು, ಅಂಟುವಾಳದ ವಿಷಯದಲ್ಲಿ ಅವಳಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಚೀಲಕ್ಕೆ ಕೈ ಹಾಕಿ, ಒಂದು ಕಾಯಿ ಹಿಚುಕಿ, ಮೂಸಿ, "ಭಾಳ ಛಲೋ ಮಾಲು. ಹೊಸಾದು, ಆರಿಸಿದ್ದು" ಎಂದಳು. ನಂತರ ಅವಳ ಕಣ್ಣು ಕಪಾಟಿನ ಕಡೆ ಹೋಯಿತು. ಅಲ್ಲಿ ಒಂದು ಗಾಜಿನ ಬಾಟಲಿಯಲ್ಲಿ ಮೊದಲ ಸಲದ ಒಂದು ಹಿಡಿ ಕಾಯಿಯನ್ನು ನಿಯಮದ ಪ್ರಕಾರ ಮಾದರಿಯೆಂದು ತೆಗೆದಿಟ್ಟಿದ್ದೆ. ಅದೇ ಮರದ ಕಾಯಿ ತಾನೆ ಎಂದು ಅದನ್ನು ಮತ್ತೆ ಬಿಚ್ಚಿ ನೋಡಿರಲಿಲ್ಲ.

"ಈ ಕಸಾ ಯಾಕ ಇಟ್ಟೀರಿ?"

"ಕಸ ಅಲ್ಲಬೇ. ಅದು ಮದಲನೇ ಸಲದ್ದು. ಇಟ್ಟು ಇಟ್ಟು ಕಪ್ಪಾಗೇತಿ."

ಅವ್ವ ಬಾಟಲಿ ತೆಗೆದು, ಮುಚ್ಚಳ ಬಿಚ್ಚಿ, ಮೂಸಿ, ನನ್ನನ್ನು ನೋಡಿದ ನೋಟವನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ. "ಬಾಟಲಿ ಒಳಗ ಇಟ್ರ ಹೊಗಿ ವಾಸನಿ ಬರತೈತೇನ? ಇದು ವರ್ಷಗಟ್ಟಲೆ ಅಟ್ಟದ ಮ್ಯಾಲ ಬಿದ್ದ ಹಳೇ ಮಾಲು. ನಿನಗ ಛಂದಂಗ ಟೋಪಿ ಹಾಕ್ಯಾರ. ಇಷ್ಟ ವರ್ಷ ಸಾಲಿ ಕಲತು ಹಳೇ ಅಂಟುವಾಳ ಯಾವುದು ಹೊಸಾದ್ಯಾವುದು ಗೊತ್ತಾಗಲಿಲ್ಲಂದ್ರ ಏನ್ ಕಲತಿ?"

ಪಕ್ಕದ ಟೇಬಲ್ಲಿನಲ್ಲಿದ್ದ ಸರ್ ಎದ್ದು ನಿಂತರು. ಕೈಯಲ್ಲಿದ್ದ ಪೆನ್ನು ಬಿತ್ತು. ಅವತ್ತೇ ಆ ಹಿಡಿ ಕಾಯಿಯಲ್ಲಿ ನಾಲ್ಕನ್ನು ಒಡೆದು, ಹೊಸ ಕಾಯಿಯ ಪಕ್ಕದಲ್ಲಿ ರಸದೊಳಗಿನ ಪದಾರ್ಥಗಳನ್ನು ಬೇರೆ ಬೇರೆ ಬೊಟ್ಟುಗಳಾಗಿ ಬಿಡಿಸುವ ಪರೀಕ್ಷೆಯ ತೆಳು ಹಾಳೆಯ ಮೇಲೆ ಏರಿಸಿದೆವು. ಹಳೆಯದರಲ್ಲಿ ಒಂದು ನೇರಳೆ ಬೊಟ್ಟು ಎದ್ದು ಕಂಡಿತು. ಹೊಸದರಲ್ಲಿ ಅದು ಇರಲೇ ಇಲ್ಲ. ವರ್ಷವಿಡೀ ಹೊಗೆ ಕುಡಿದು ಕಾಯಿಯೊಳಗೆ ಏನೋ ಬದಲಾಗಿತ್ತು, ಚೀರುತ್ತಿದ್ದದ್ದು ಆ ಏನೋ. ಸರ್ ಅವ್ವನಿಗೆ ಕೈ ಮುಗಿದರು. ಅವ್ವ ಅದನ್ನು ಸಹಜವೆಂಬಂತೆ ಸ್ವೀಕರಿಸಿ, ಒಂದರ ಬದಲು ಎರಡು ಚೀಲ ಒಯ್ದಳು.

ಮರುದಿನವೇ ಖಾನಾಪುರಕ್ಕೆ ಹೋಗಿ ಆಯಿಯ ಮುಂದೆ ಬಾಟಲಿ ಇಟ್ಟೆ. "ಆಯಿ, ಮದಲನೇ ಸಲ ಕೊಟ್ಟದ್ದು ಹಳೇದಿತ್ತೇನ?"

"ಅಗ ಬಾಯಿ! ಯಾರಂದ್ರು? ಅದ ಗಿಡ, ಅದ ಕಾಯಿ! ಬೇಕಾದ್ರ ಈ ಎಮ್ಮಿ ಆಣಿ!"

ಎಮ್ಮೆ ತಲೆಯೆತ್ತಿ ಅವಳನ್ನು ನೋಡಿತು. ಆಯಿ ಎಮ್ಮೆಯನ್ನು ನೋಡಿದಳು. ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಹೊರಗೆ ಬಂದಾಗ ಮುಖ ಸಣ್ಣದಾಗಿತ್ತು. "ಎಮ್ಮಿ ಮ್ಯಾಲ ಸುಳ್ಳ ಆಣಿ ಮಾಡಬಾರದು. ಮಳಿಗಾಲ ಬಾಜೂಕ ಐತಿ" ಎಂದಳು. "ಆಗ ನೀ ಯಾರೋ ಏನೋ. ಗೊತ್ತಿಲ್ಲದ ಹೊಸಬರು ಬಂದ್ರ ಅಟ್ಟದ ಮ್ಯಾಲಿಂದು ಕೊಡತೀನಿ. ಹ್ವಾದ ವರ್ಷದ್ದು, ಒಲಿ ಹೊಗಿ ಹತ್ತಿದ್ದು. ಮನಿ ಮಂದಿಗೆ ಹೊಸಾದು. ಆಮ್ಯಾಲ ನೀ ಮಗಳಾದಿ. ಒಂದೊಂದ ಕಾಯಿ ಆರಿಸಿ ಕೊಟ್ಟೀನಿ, ಹುಳಾ ಹಿಡಿದದ್ದು ಒಂದೂ ಹಾಕಿಲ್ಲ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನ್ನ ಫಲ ಬಂದದ್ದು ಅವಳು ಮೋಸ ಮಾಡಿದ ದಿನ, ಕೆಟ್ಟದ್ದು ಅವಳು ಪ್ರೀತಿ ಮಾಡತೊಡಗಿದ ಮೇಲೆ. "ಆಯಿ, ನನಗ ಆ ಹಳೇದ ಬೇಕು" ಎಂದೆ. "ಹುಚ್ಚ ಹಿಡದೈತೇನ? ಮನಿ ಮಗಳಿಗೆ ಕಸಾ ಕೊಡಲ್ಯಾ?" ಎಂದಳು. ಬೇಡುವವಳು ಕೆಟ್ಟದ್ದೇ ಬೇಕೆಂದು, ಕೊಡುವವಳು ಒಳ್ಳೆಯದನ್ನೇ ಒಯ್ಯೆಂದು, ಇಂಥ ತಲೆಕೆಳಗಾದ ಚೌಕಾಶಿಯನ್ನು ಖಾನಾಪುರದ ಸಂತೆಯಲ್ಲಿ ಯಾರೂ ಕೇಳಿರಲಾರರು. ಅಟ್ಟದ ಮೇಲೆ ಎರಡು ಚೀಲ ಉಳಿದಿದ್ದವು. ಕೊನೆಗೆ ಒಂದನ್ನು ಕೊಡಲು ಒಪ್ಪಿ, "ಎರಡ ದಿನ ಬಿಟ್ಟ ಬಾ" ಎಂದಳು.

ಎರಡು ದಿನ ಯಾಕೆ ಎಂದು ನಾನು ಆಗಲೇ ಕೇಳಬೇಕಿತ್ತು. ಬಂದು ಚೀಲ ಬಿಚ್ಚಿದರೆ ಕಾಯಿಗಳು ಫಳಫಳ ಹೊಳೆಯುತ್ತಿದ್ದವು. ಬಾವಿಯ ನೀರಿನಲ್ಲಿ ಮೂರು ಸಲ ತೊಳೆದು ಬಿಸಿಲಿಗೆ ಒಣಗಿಸಿದ್ದಳು. ಹಳೆಯ ಕಾಯಿ, ಮೈಯೆಲ್ಲ ಬಿರುಕು. ಒಳಗಿನದೆಲ್ಲ ತೊಳೆದ ನೀರಿನಲ್ಲಿ ಹರಿದುಹೋಗಿತ್ತು. ಹಾಳೆಯ ಮೇಲೆ ಬೊಟ್ಟು ಬರಲಿಲ್ಲ. ಫೋನಿನಲ್ಲಿ ನಾನು ಕೂಗಾಡಿದರೆ, "ಇಲ್ಲವಾ, ನಾ ತೊಳೆದಿಲ್ಲ, ಬರೇ ಹೊಲಸ ಹೋಗೂ ಹಂಗ ಮಾಡೀನಿ" ಎಂದಳು. ಇನ್ನು ಉಳಿದದ್ದು ಒಂದೇ ಚೀಲ. ಅದನ್ನು ನಾನು ಕೇಳಿದರೆ ಹೂಂ ಅನ್ನುತ್ತಾಳೆ, ನಾನು ಬಸ್ ಹತ್ತುವಷ್ಟರಲ್ಲಿ ತೊಳೆಯುತ್ತಾಳೆ. ಎರಡು ವರ್ಷದ ಪ್ರೀತಿ, ಅದು ಸುಮ್ಮನೆ ಕೂರುವುದಿಲ್ಲ.

ಸರ್ ಬಹಳ ಹೊತ್ತು ಯೋಚಿಸಿ, "ಆಕಿ ಹೊಸಬರಿಗೆ ಹಳೇದು ಕೊಡತಾಳ ಹೌದಲ್ಲ? ನಾ ಹೊಸಬ" ಎಂದರು. ಮತ್ತೆ ಗಾಬರಿಯಾಗಿ, "ಆದ್ರ ನಾ ಸುಳ್ಳು ಹೇಳಂಗಿಲ್ಲ" ಎಂದರು.

"ಹೇಳಬ್ಯಾಡ್ರಿ ಸರ್. 'ರಿಠಾ ಬೇಕು' ಅನ್ರಿ. ಎರಡ ಶಬ್ದ. ಚೀಲ ತಗೋರಿ, ಬರ್ರಿ."

ಅವರ ಕಾರಿನಲ್ಲಿ ಹೋದೆವು. ನಾನು ಮೊದಲೇ ಇಳಿದು, ಹಿಂದಿನಿಂದ ಸುತ್ತಿ ಬಂದು, ಅಂಗಳದ ಹುಲ್ಲಿನ ಬಣವೆಯ ಹಿಂದೆ ಕೂತೆ. ನನ್ನ ವಯಸ್ಸು, ನನ್ನ ವಿದ್ಯೆ, ನಮ್ಮ ಮನೆತನದ ಮಾನ ಎಲ್ಲವೂ ನನ್ನ ಜೊತೆ ಆ ಹುಲ್ಲಿನಲ್ಲಿ ಕೂತವು. ಎಮ್ಮೆ ನನ್ನ ಗುರುತು ಹಿಡಿದು ಬಣವೆಯ ಕಡೆ ಮುಖ ಮಾಡಿ ಹೂಂಕರಿಸತೊಡಗಿತು.

ಸರ್ ಬಾಗಿಲಿಗೆ ಬಂದು, ಬಾಯಿಪಾಠ ಒಪ್ಪಿಸುವವರಂತೆ "ರಿಠಾ ಬೇಕು" ಎಂದರು.

"ಯಾತಕ್ಕರಿ?" ಎಂದಳು ಆಯಿ. ಇದು ನಮ್ಮ ಲೆಕ್ಕದಲ್ಲಿ ಇರಲಿಲ್ಲ.

"ಅಭ್ಯಾಸಕ್ಕ" ಎಂದರು ಸರ್, ಬಹಳ ಹುಡುಕಿ.

"ಈ ವಯಸ್ಸಿನ್ಯಾಗ ಏನ್ ಅಭ್ಯಾಸರಿ? ಆತು, ನಿಂದರ್ರಿ." ಅಟ್ಟದ ಏಣಿ ಕಿರುಗುಟ್ಟಿದ್ದು ನನಗೆ ಕೇಳಿಸಿತು. ಕೂತಲ್ಲೇ ಎಣಿಸಿದೆ. ಒಂದು ಮೆಟ್ಟಿಲು, ಎರಡು ಮೆಟ್ಟಿಲು. ಮೇಲಿನಿಂದಲೇ ಆಯಿ, "ಬಿಸಲಾಗ ಬಂದೀರಿ, ಅಲ್ಲೇ ಕೊಡದಾಗ ನೀರ ಐತಿ, ಕುಡೀರಿ" ಎಂದಳು.

ಸುಮ್ಮನೆ ಇರಬೇಕೋ ಇಲ್ಲವೋ? "ಬ್ಯಾಡರಿ, ನಾ ಕಾಸಿ ಸೋಸಿದ ನೀರಷ್ಟ ಕುಡೀತೀನಿ" ಎಂದರು ಸರ್.

ಏಣಿಯ ಸಪ್ಪಳ ನಿಂತಿತು. "ಜೈನರೇನ್ರಿ?"

"ಹೌದ್ರಿ."

"ಅಯ್ಯ! ಮದಲ ಹೇಳೂದಲ್ಲ!" ಒಂದು ಮೆಟ್ಟಿಲು, ಎರಡು ಮೆಟ್ಟಿಲು, ಕೆಳಗೆ. ಆಯಿಯ ತವರಿನ ಪಕ್ಕದ ಮನೆಯವರು ಜೈನರಂತೆ. ಚಿಕ್ಕವಳಿದ್ದಾಗ ಅರ್ಧ ದಿನ ಅವರ ಮನೆಯಲ್ಲೇ ಬೆಳೆದವಳು. ಒಲೆ ಹೊತ್ತಿಸಿ ನೀರು ಕಾಸಿದಳು. ದಪ್ಪ ಬಟ್ಟೆಯನ್ನು ಎರಡು ಪದರ ಮಾಡಿ ಸೋಸಿದಳು. ಉಳ್ಳಾಗಡ್ಡಿ ಮುಟ್ಟಿದ ಕೈಯೆಂದು ಮತ್ತೆ ಕೈ ತೊಳೆದಳು. ಸರ್ ತಮ್ಮ ತಾಯಿಯೂ ಹೀಗೇ ಸೋಸುತ್ತಿದ್ದರು ಎಂದರು. ಆಯಿ ಸತ್ತ ಎಮ್ಮೆಯ ಕಥೆ ಹೇಳಿದಳು. ಸ್ವಲ್ಪ ಹೊತ್ತಿಗೆ ಇಬ್ಬರೂ ಅಕ್ಕ ತಮ್ಮನ ಹಾಗೆ ಹರಟುತ್ತಿದ್ದರು. ಬಣವೆಯ ಹಿಂದೆ ನನ್ನ ಕಾಲಿಗೆ ಇರುವೆ ಮುತ್ತಿದ್ದವು. ಕೊನೆಗೆ ಆಯಿ ಹಿತ್ತಲಿಗೆ ಹೋಗಿ ಒಂದು ಚೀಲ ತಂದು, "ತಗೋರಿ, ಈ ವರ್ಷದ್ದು, ಆರಿಸಿದ್ದು. ಇಷ್ಟ ಸ್ವಚ್ಛ ಮಂದಿಗೆ ಹೊಲಸ ಕಾಯಿ ಹೆಂಗ ಕೊಡಲಿ?" ಎಂದಳು.

ಆ ಚೀಲ ತೆಗೆದುಕೊಂಡು ಹೊರಟುಬಿಡಬಹುದಿತ್ತು. ಸರ್ ಅದನ್ನು ನೆಲಕ್ಕೆ ಇಟ್ಟರು. "ಅವ್ವಾರ, ನಾ ಸುಳ್ಳು ಹೇಳಿಲ್ಲ. ಆದ್ರ ಖರೇನೂ ಪೂರಾ ಹೇಳಿಲ್ಲ. ನಾ ಆ ಹುಡುಗಿ ಮಾಸ್ತರ. ಆಕಿ ಅಲ್ಲೇ ಬಣವಿ ಹಿಂದ ಕುಂತಾಳ."

ನಾನು ಎದ್ದು ನಿಂತೆ. ತಲೆಯ ತುಂಬ ಹುಲ್ಲು. ಸರ್ ಮೇಲೆ ನನಗೆ ಬಂದ ಸಿಟ್ಟನ್ನು ಹೇಳಲು ಶಬ್ದವಿಲ್ಲ, ಆದರೆ ಆಯಿಯ ಮುಖ ನೋಡಿದೊಡನೆ ಅದು ಇಳಿದುಹೋಯಿತು. ಅವಳು ನನ್ನನ್ನೇ ನೋಡುತ್ತಿದ್ದಳು.

"ನನ್ನ ಕಳ್ಳಿ ಅಂತ ಹಿಡಿಯಾಕ ಮಾಸ್ತರನ ಕರಕೊಂಡ ಬಂದಿಯೇನ?" ಎಂದಳು. "ಇನ್ನ ಪುಸ್ತಕದಾಗ ಬರಿ. ಖಾನಾಪುರದ ಮುದುಕಿ ಹಳೇ ಕಾಯಿ ಕೊಟ್ಟು ಮೋಸಾ ಮಾಡಿದ್ಳಂತ ಬರಿ. ಊರ ಮಂದಿ ಓದಲಿ."

"ಮೋಸಾ ಮಾಡಿದಾವರು ನಾವರಿ, ನೀವಲ್ಲ" ಎಂದರು ಸರ್, ಎದ್ದು ನಿಂತು, ಕೈ ಜೋಡಿಸಿ. "ತಪ್ಪಾತು. ಆದ್ರ ಆ ಹಳೇ ಕಾಯಿ ಇಲ್ಲಂದ್ರ ಈ ಹುಡುಗಿ ಆರು ವರ್ಷ ಮಾಡಿದ್ದು ಹೊಳ್ಯಾಗ ಹುಣಸಿ ತೊಳೆದಂಗ. ಅದಕ್ಕ ಹಿಂಗ ಮಾಡಿದ್ವಿ. ನೀವ ಬ್ಯಾಡ ಅಂದ್ರ ಹಂಗ ಹೋಗತೀವಿ."

ಆಯಿ ಬೆನ್ನು ತಿರುಗಿಸಿದಳು. ಒಳಗೆ ಹೋದಳು. ಏಣಿ ಕಿರುಗುಟ್ಟಿತು. ಒಳಗಿನಿಂದ ಆ ಕೊನೆಯ ಚೀಲ ಉರುಳಿ ಬಂದು ಹೊಸ್ತಿಲು ದಾಟಿ ಸರ್ ಕಾಲಿಗೆ ಬಡಿಯಿತು. ಎದ್ದ ಮಸಿ ಅವರ ಬಿಳಿ ಅಂಗಿಯನ್ನೆಲ್ಲ ಆವರಿಸಿತು. "ತೊಳೆದಿಲ್ಲ, ಮುಟ್ಟಿಲ್ಲ. ಹೊಸಬರಿಗೆ ಕೊಡೂದು" ಎಂದಳು ಆಯಿ. "ತಗೊಂಡ ಹೋಗ್ರಿ." ಆ "ಹೋಗ್ರಿ" ನನಗೆ ಹೇಳಿದ್ದು. ಎರಡು ವರ್ಷದಲ್ಲಿ ಅವಳು ನನಗೆ ಬಹುವಚನ ಹಚ್ಚಿದ್ದು ಅದೇ ಮೊದಲು. ಬೇಕಾದ್ದು ಕೈಗೆ ಸಿಕ್ಕಿತ್ತು, ಆದರೂ ನಾನು ಆ ಚೀಲದ ಕಡೆ ನೋಡದೆ, ಬೆಳಗಾವಿಯ ತನಕ ಕಾರಿನಲ್ಲಿ ತಲೆಯ ಹುಲ್ಲು ಆರಿಸುತ್ತ ಕೂತೆ.

ಹಾಳೆಯ ಮೇಲೆ ನೇರಳೆ ಬೊಟ್ಟು ಬಂತು. ಕೊನೆಯ ಸಲದ ಇಲಿಗಳ ರಕ್ತದಲ್ಲಿ ಮೊದಲ ಸಲದ್ದೇ ಶಕ್ತಿ ಬಂತು. ಇದು ಕಾಯಿಯ ಕೆಲಸವೋ ಮಸಿಯ ಕೆಲಸವೋ ಎಂದು ಸರ್ ಮಸಿಯನ್ನೇ ಕೆರೆದು ಬೇರೆ ಪರೀಕ್ಷೆ ಮಾಡಿಸಿದರು, ಅದರಲ್ಲಿ ಏನೂ ಇರಲಿಲ್ಲ. ಪ್ರಬಂಧದಲ್ಲಿ "ಒಂದು ವರ್ಷ ಒಲೆಯ ಹೊಗೆಯಲ್ಲಿ ಅಟ್ಟದ ಮೇಲೆ ಕಾಯ್ದಿಟ್ಟ ಕಾಯಿ" ಎಂದು ಬರೆದೆವು. ಅದು ಅಕ್ಷರಶಃ ಖರೇ, ಮೋಸದ ಸುದ್ದಿಯೂ ಅದರಲ್ಲಿ ಇಲ್ಲ. ಸರ್ ನಿವೃತ್ತರಾಗುವ ಒಂದು ವಾರ ಮೊದಲು ಪ್ರಬಂಧ ಒಪ್ಪಿಸಿದೆ. ಎಲ್ಲರೂ ಪೇಢೆ ತಿಂದರು. ನಾನು ನನ್ನ ಪಾಲಿನದನ್ನು ಲ್ಯಾಬ್ ಒರೆಸುವ ಅಕ್ಕನಿಗೆ ಕೊಟ್ಟೆ.

ಮರುದಿನ ಖಾನಾಪುರಕ್ಕೆ ಹೋದೆ. ಆಯಿ ಅಂಗಳದಲ್ಲಿ ಎಮ್ಮೆಯ ಮೈ ತಿಕ್ಕುತ್ತಿದ್ದಳು. ಬಾ ಅನ್ನಲಿಲ್ಲ. ಅವಳು ಕರೆಯದೆ ಒಳಗೆ ಹೋಗುವ ಧೈರ್ಯವಾಗದೆ ಬೇಲಿಯ ಹತ್ತಿರವೇ ನಿಂತೆ.

"ಆತೇನ ನಿಂದು?" ಎಂದಳು, ತಿರುಗದೆ.

"ಆತು, ಆಯಿ."

"ಎಮ್ಮಿ ಉಳೀತಾವ?"

"ಅದಕ್ಕಿನ್ನ ಭಾಳ ವರ್ಷ ಬೇಕು. ಸದ್ಯಕ್ಕ ಇಲಿ ಉಳೀತಾವ."

"ಇಲಿ ಉಳಿಸಾಕ ಆರ ವರ್ಷ" ಎಂದು ಎಮ್ಮೆಗೆ ಹೇಳಿದಳು. ಸ್ವಲ್ಪ ಹೊತ್ತು ತಿಕ್ಕಿದಳು. ಆಮೇಲೆ ಕೈ ನಿಲ್ಲಿಸಿ ನನ್ನ ಕಡೆ ತಿರುಗಿದಳು. "ಮತ್ತ ನಾ ಆರಿಸಿ ಆರಿಸಿ ಕೊಟ್ಟದ್ದು? ಎರಡ ವರ್ಷ ಕೊಟ್ನೆಲ್ಲ, ಅದರಿಂದ ಏನಾತು?"

ಸರ್ ಜೊತೆ ಆರು ವರ್ಷ ಇದ್ದು ನನಗೂ ಸುಳ್ಳು ಬರದಂತಾಗಿತ್ತು. "ಏನೂ ಆಗಲಿಲ್ಲ, ಆಯಿ" ಎಂದೆ. "ಇಲಿಗೆ ಅದರಿಂದ ಏನೂ ಆಗಲಿಲ್ಲ."

ಅವಳು ನನ್ನನ್ನು ನೋಡಿದಳು. ಹುಬ್ಬು ಗಂಟಿಕ್ಕಿತು.

"ಇಲಿಗೆ ಯಾಕ ಕೊಟ್ಟಿ? ನಾ ನಿನಗ ಕೊಟ್ಟಿದ್ನಿ."

ಚೀಲಗಟ್ಟಲೆ ಹೊತ್ತು ಒಯ್ದಿದ್ದೆ, ಒಂದು ಕಾಯಿಯನ್ನೂ ನನ್ನ ತಲೆಗೆ ಹಚ್ಚಿಕೊಂಡಿರಲಿಲ್ಲ. ಆಯಿ ಬಂದು ನನ್ನ ಜಡೆ ಹಿಡಿದು ನೋಡಿ, "ಹಗ್ಗ ಆಗೇತಿ ನೋಡ" ಎಂದು ಬೈದು, ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಹಿತ್ತಲ ಕಲ್ಲಿನ ಮೇಲೆ ಕೂಡಿಸಿದಳು. ಹೊಸ ಕಾಯಿಯನ್ನು ಬಿಸಿನೀರಿನಲ್ಲಿ ಹಿಚುಕಿ, ನೊರೆ ಎಬ್ಬಿಸಿ, ತಲೆಯ ಮೇಲೆ ಸುರಿದು ಗಸಗಸ ತಿಕ್ಕತೊಡಗಿದಳು.

"ಕಣ್ಣ ಗಟ್ಟಿ ಮುಚ್ಚಗೋ" ಎಂದಳು.